ಹಳೆಯ ಗಣಕ, ಹೊಸ ಚಿತ್ರ ತಂತ್ರಾಂಶ



ನಿಮ್ಮ ಕಾಲೇಜಿನ ಗಣಕ ಪ್ರಯೋಗಾಲಯವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಗೋಡೆಯುದ್ದಕ್ಕೂ ಸಾಲಾಗಿ ಇಟ್ಟ ಯಂತ್ರಗಳು, ಕೀಲಿಮಣೆಯ ಮೇಲೆ ಅಳಿಸಿಹೋದ ಅಕ್ಷರಗಳು. ಹೆಚ್ಚಿನವಕ್ಕೆ ಹತ್ತು ಹನ್ನೆರಡು ವರ್ಷ ವಯಸ್ಸು. ಅಥವಾ ಅಣ್ಣನೋ ಅಕ್ಕನೋ ಬಳಸಿ ನಿಮ್ಮ ಕೈಗೆ ಬಂದ ಲ್ಯಾಪ್‌ಟಾಪ್ ಒಂದನ್ನು ಊಹಿಸಿಕೊಳ್ಳಿ. ಮೂರು ಆಯಾಮದ ಚಿತ್ರ, ಚಲನಚಿತ್ರ ಎಲ್ಲವನ್ನೂ ಮಾಡಬಲ್ಲ ಬ್ಲೆಂಡರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆಂದು ಗೆಳೆಯರು ಹೇಳಿದರು. ನೀವು ಇಡೀ ಸಂಜೆ ಕಾದು ಅದನ್ನು ಇಳಿಸಿಕೊಂಡಿರಿ. ಚಾಲೂ ಮಾಡಿದಿರಿ. ತೆರೆಯ ಮೇಲೆ ಒಂದು ಪುಟ್ಟ ಪೆಟ್ಟಿಗೆ ಮೂಡಿತು: ಈ ಯಂತ್ರದ ಗ್ರಾಫಿಕ್ಸ್ ಕಾರ್ಡು ಮತ್ತು ಡ್ರೈವರು ಸಾಲದು, ಓಪನ್‌ಜಿಎಲ್ 4.3 ಬೇಕು. ಗುಂಡಿ ಒತ್ತಿದ ಕೂಡಲೇ ತಂತ್ರಾಂಶ ಮುಚ್ಚಿಹೋಯಿತು.

ಇಂಥ ಹೊತ್ತಿನಲ್ಲಿ ನಿಮಗೆ ಎರಡು ಸಲಹೆ ತಪ್ಪದೆ ಸಿಗುತ್ತವೆ. ‘ಹೊಸ ಯಂತ್ರ ಕೊಂಡುಕೊಳ್ಳಿ’ ಎನ್ನುವುದು ಒಂದು. ‘ಎಲ್ಲಿಂದಲೋ ಒಂದು ಫೈಲು ತಂದು ಹಾಕಿದರೆ ನಡೆಯುತ್ತದೆ’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ಧೈರ್ಯ ಬೇಕು. ಎರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ‘ಆಗದು’ ಎಂದು ಹೇಳಿದವರು ಯಾರು? ಯಂತ್ರವೇ? ವಿಂಡೋಸೇ? ನಡುವೆ ಕುಳಿತ ಇನ್ನಾರಾದರೂ? ಉತ್ತರ ಪ್ರತಿ ಸಲವೂ ಬೇರೆಬೇರೆ, ಅದಕ್ಕೆ ತಕ್ಕಂತೆ ಮದ್ದೂ ಬೇರೆ.

ಉದಾಹರಣೆಗೆ ಬ್ಲೆಂಡರನ್ನೇ ತೆಗೆದುಕೊಳ್ಳೋಣ. ನೆದರ್‌ಲ್ಯಾಂಡ್ಸಿನ ಟಾನ್ ರೂಸೆಂಡಾಲ್ ಅವರು ತೊಂಬತ್ತರ ದಶಕದಲ್ಲಿ ತಮ್ಮ ಚಿತ್ರಶಾಲೆಯ ಕೆಲಸಕ್ಕೆಂದು ಕಟ್ಟಿಕೊಂಡ ತಂತ್ರಾಂಶ ಇದು. 2002ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡರು. ಅಂದಿನಿಂದ ಅದರ ಮೂಲ ಬರಹ ಎಲ್ಲರಿಗೂ ಮುಕ್ತ. 2025ರಲ್ಲಿ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ಚಿತ್ರ ಬ್ಲೆಂಡರಿನಲ್ಲೇ ತಯಾರಾದದ್ದು. ನಮಗೆ ಮುಖ್ಯವಾದ ಗುಣ ಬೇರೆ: ಬ್ಲೆಂಡರಿನ ಹಳೆಯ ಆವೃತ್ತಿಗಳನ್ನೂ ಅದರ ಸಂಸ್ಥೆ ತನ್ನ ಅಂತರಜಾಲ ತಾಣದಲ್ಲಿ ಹಾಗೆಯೇ ಇಟ್ಟಿದೆ. ಹಣ ಕೇಳುವ ಎಷ್ಟೋ ತಂತ್ರಾಂಶಗಳಲ್ಲಿ ಈ ಸೌಕರ್ಯ ಇಲ್ಲ.

ಮಾಣಿಗೆ ಗೊತ್ತಿಲ್ಲದ ತಿಂಡಿ

ಓಪನ್‌ಜಿಎಲ್ ಎಂದರೇನು? ನೀವು ಹೋಟೆಲಿಗೆ ಹೋಗಿ ಕುಳಿತಿದ್ದೀರಿ ಎನ್ನಿ. ಒಳಗೆ ಅಡುಗೆಯವರಿದ್ದಾರೆ. ನೀವು ನೇರವಾಗಿ ಅಡುಗೆಮನೆಗೆ ಹೋಗುವುದಿಲ್ಲ, ಮಾಣಿಗೆ ಹೇಳುತ್ತೀರಿ. ಮಾಣಿ ಒಳಗೆ ಹೋಗಿ ಹೇಳುತ್ತಾನೆ. ಇಲ್ಲಿ ಗಿರಾಕಿ ಎಂದರೆ ಬ್ಲೆಂಡರ್, ಅಡುಗೆಯವರು ಎಂದರೆ ಗ್ರಾಫಿಕ್ಸ್ ಚಿಪ್ಪು, ಮಾಣಿ ಎಂದರೆ ಡ್ರೈವರ್ ಎಂಬ ಚಾಲಕ ತಂತ್ರಾಂಶ. ಗಿರಾಕಿಗೂ ಮಾಣಿಗೂ ಒಪ್ಪಿತವಾದ ತಿಂಡಿ ಪಟ್ಟಿಯೇ ಓಪನ್‌ಜಿಎಲ್. ಈ ಪಟ್ಟಿಯ ಮೊದಲ ಆವೃತ್ತಿ 1992ರಲ್ಲಿ ಬಂತು. 2006ರಲ್ಲಿ 2.1, 2010ರಲ್ಲಿ 3.3, 2012ರಲ್ಲಿ 4.3 ಹೀಗೆ ಪಟ್ಟಿ ಬೆಳೆಯುತ್ತಾ ಹೋಯಿತು.

ಬ್ಲೆಂಡರ್ ಕೇಳುವ ಪಟ್ಟಿಯೂ ಹಾಗೆಯೇ ಬೆಳೆಯಿತು. 2017ರ 2.79 ಆವೃತ್ತಿಗೆ ಓಪನ್‌ಜಿಎಲ್ 2.1 ಇದ್ದರೆ ಸಾಕಿತ್ತು. 2019ರ ಜುಲೈನಲ್ಲಿ 2.80 ಬಂದಾಗ 3.3 ಬೇಕೆಂದಿತು. 2023ರ ನವೆಂಬರಿನ 4.0 ಆವೃತ್ತಿ 4.3 ಬೇಕೆಂದಿತು. ಹಟಕ್ಕಾಗಿ ಮಾಡಿದ ಬದಲಾವಣೆ ಅಲ್ಲ ಇದು. 2.80ರಲ್ಲಿ ತೆರೆಯ ಮೇಲೆ ಚಿತ್ರ ಮೂಡಿಸುವ ಭಾಗವನ್ನು ಹೊಸದಾಗಿ ಬರೆದರು. ಬೆಳಕು, ನೆರಳು, ಪ್ರತಿಫಲನಗಳನ್ನು ಕೆಲಸ ಮಾಡುತ್ತಿರುವಾಗಲೇ ತೋರಿಸುವ ಈವೀ ಎಂಬ ಸೌಲಭ್ಯ ಆಗ ಬಂದದ್ದು. ಅದು ಹಳೆಯ ಪಟ್ಟಿಯಿಂದ ಆಗುವ ಕೆಲಸವಲ್ಲ.

ಈಗ ಸ್ವಾರಸ್ಯಕ್ಕೆ ಬರೋಣ. 2011ರಲ್ಲಿ ಬಂದ ಇಂಟೆಲ್‌ನ ಎರಡನೆಯ ತಲೆಮಾರಿನ ಕೋರ್ ಐ3, ಐ5 ಚಿಪ್ಪುಗಳ ಒಳಗೇ ಒಂದು ಗ್ರಾಫಿಕ್ಸ್ ಭಾಗ ಇತ್ತು. ಅದರ ಹೆಸರು ಎಚ್‌ಡಿ 2000 ಅಥವಾ ಎಚ್‌ಡಿ 3000. ವಿಂಡೋಸಿನಲ್ಲಿ ಇದರ ಡ್ರೈವರು ಓಪನ್‌ಜಿಎಲ್ 3.1ಕ್ಕೆ ನಿಂತುಬಿಟ್ಟಿತು. ಆದ್ದರಿಂದ ಬ್ಲೆಂಡರ್ 2.80 ಅಲ್ಲಿ ಏಳುವುದಿಲ್ಲ. ಅದೇ ಗಣಕದಲ್ಲಿ ಲಿನಕ್ಸ್ ಹಾಕಿ ನೋಡಿ. ಅಲ್ಲಿ ಮೆಸಾ ಎಂಬ ಮುಕ್ತ ಡ್ರೈವರುಗಳ ಸಮೂಹ ಇದೆ, ಅದು ಇದೇ ಚಿಪ್ಪಿಗೆ 3.3 ಒದಗಿಸುತ್ತದೆ. ಅಂದರೆ ಅಡುಗೆಯವರಿಗೆ ಆ ತಿಂಡಿ ಮಾಡಲು ಬರುತ್ತಿತ್ತು, ಮಾಣಿಯ ಪಟ್ಟಿಯಲ್ಲಿ ಅದು ಇರಲಿಲ್ಲ, ಅಷ್ಟೇ! ಬೇರೆ ಮಾಣಿ ಬಂದ ಕೂಡಲೇ 2.80ರಿಂದ ಹಿಡಿದು 2023ರ 3.6ರವರೆಗಿನ ಆವೃತ್ತಿಗಳಿಗೆ ಬಾಗಿಲು ತೆರೆಯಿತು.

ಒಂದು ರೂಪಾಯಿಯ ಬಿಡಿಭಾಗ ಬದಲಿಸದೆ ಆದ ಕೆಲಸ ಇದು. ‘ಯಂತ್ರ ಹಳೆಯದಾಯಿತು’ ಎಂಬ ಮಾತು ಎಷ್ಟು ಸಲ ಅವಸರದ್ದು ಎಂದು ಇದರಿಂದ ಗೊತ್ತಾಗುತ್ತದೆ. ಹಾಗೆಂದು ಎಲ್ಲ ಕಡೆಯೂ ಈ ಅದೃಷ್ಟ ಇರುವುದಿಲ್ಲ. ಮರುವರ್ಷ ಬಂದ ಎಚ್‌ಡಿ 4000 ವಿಂಡೋಸಿನಲ್ಲಿ 4.0, ಮೆಸಾದಲ್ಲಿ 4.2 ಮುಟ್ಟುತ್ತದೆ. 4.3 ಎರಡೂ ಕಡೆ ಇಲ್ಲ. ಆದ್ದರಿಂದ ಅದರಲ್ಲೂ 3.6 ಆವೃತ್ತಿಯೇ ಕೊನೆ ಎಂದು ತಿಳಿಯಿರಿ.

ನಿಮ್ಮ ಯಂತ್ರದಲ್ಲಿ ಯಾವ ಪಟ್ಟಿ ಇದೆ ಎಂದು ತಿಳಿಯುವುದು ಹೇಗೆ? ವಿಂಡೋಸಿನ ಡಿಎಕ್ಸ್‌ಡಯಾಗ್ ಚಿಪ್ಪಿನ ಹೆಸರು ಹೇಳುತ್ತದೆ, ಓಪನ್‌ಜಿಎಲ್ ಸಂಖ್ಯೆ ಹೇಳುವುದಿಲ್ಲ. ಅದಕ್ಕೆ ಸುಲಭ ಉಪಾಯವೆಂದರೆ ಹಳೆಯ ಬ್ಲೆಂಡರ್ 2.79ನ್ನು ತೆರೆದು, ಹೆಲ್ಪ್ ಪಟ್ಟಿಯಲ್ಲಿ ಸಿಸ್ಟಮ್ ಇನ್ಫೊ ಉಳಿಸಿಕೊಳ್ಳುವುದು. ಆ ಕಡತದಲ್ಲಿ ಎಲ್ಲವೂ ಬರೆದಿರುತ್ತದೆ. ಲಿನಕ್ಸಿನಲ್ಲಿ ಜಿಎಲ್‌ಎಕ್ಸ್‌ಇನ್ಫೊ ಎಂಬ ಆಜ್ಞೆ ಕೊಟ್ಟರೆ ಸಾಕು. ಓಪನ್‌ಜಿಎಲ್ 1.1 ಎಂದೂ, ಚಿಪ್ಪಿನ ಹೆಸರಿರಬೇಕಾದಲ್ಲಿ ಜಿಡಿಐ ಜೆನೆರಿಕ್ ಎಂದೂ ಕಂಡರೆ ನಗಬೇಡಿ, ಹೆದರಲೂ ಬೇಡಿ. ನಿಮ್ಮ ವಿಂಡೋಸಿನಲ್ಲಿ ಗ್ರಾಫಿಕ್ಸ್ ಡ್ರೈವರೇ ಇಲ್ಲ ಎಂದು ಅದರ ಅರ್ಥ. ಯಾರೋ ವಿಂಡೋಸ್ ಹೊಸದಾಗಿ ಹಾಕಿ ಡ್ರೈವರ್ ಹಾಕಲು ಮರೆತಿದ್ದಾರೆ. ಸರಿಯಾದ ಡ್ರೈವರ್ ಹಾಕಿದರೆ ಅರ್ಧ ಕಾಯಿಲೆ ಅಲ್ಲೇ ವಾಸಿ.

ಮಾಣಿಯೇ ಅಡುಗೆ ಮಾಡುವ ಉಪಾಯವೂ ಒಂದಿದೆ. ಮೆಸಾದೊಳಗೆ ಎಲ್‌ಎಲ್‌ವಿಎಂಪೈಪ್ ಎಂಬ ಭಾಗವಿದೆ. ಗ್ರಾಫಿಕ್ಸ್ ಚಿಪ್ಪಿನ ಕೆಲಸವನ್ನೆಲ್ಲ ಅದು ಗಣಕದ ಮುಖ್ಯ ಸಂಸ್ಕಾರಕದಿಂದಲೇ ಮಾಡಿಸುತ್ತದೆ, ಓಪನ್‌ಜಿಎಲ್ 4.5ರವರೆಗೂ ಒದಗಿಸುತ್ತದೆ. ವಿಂಡೋಸಿನಲ್ಲಾದರೆ ಮೆಸಾದ ಓಪನ್‌ಜಿಎಲ್32 ಎಂಬ ಡಿಎಲ್‌ಎಲ್ ಕಡತವನ್ನೂ ಅದರ ಜೊತೆಯ ಕಡತಗಳನ್ನೂ ಬ್ಲೆಂಡರ್ ಇರುವ ಫೋಲ್ಡರಿನಲ್ಲಿ ಇಡುತ್ತಾರೆ. ಸಿಸ್ಟಮ್ ಫೋಲ್ಡರಿನಲ್ಲಿ ಮಾತ್ರ ಇಡಬಾರದು, ಇಟ್ಟರೆ ಉಳಿದ ತಂತ್ರಾಂಶಗಳೂ ಆಮೆಯಾಗುತ್ತವೆ. ಬ್ಲೆಂಡರ್ ತೆರೆಯುತ್ತದೆ, ನಿಜ. ಆದರೆ ಒಂದು ಘನವನ್ನು ತಿರುಗಿಸಿದರೆ ಅದು ಯೋಚಿಸಿ ಯೋಚಿಸಿ ತಿರುಗುತ್ತದೆ. ಒಂದು ಕಡತ ತೆರೆದು ನೋಡಲು, ಇನ್ನೊಂದು ರೂಪಕ್ಕೆ ಬದಲಿಸಿಕೊಳ್ಳಲು ಇದು ಸರಿ. ದಿನವೂ ಕಲಿಯಲು ಕುಳಿತರೆ ನಿಮ್ಮ ಉತ್ಸಾಹ ಎರಡೇ ದಿನದಲ್ಲಿ ಇಳಿದುಹೋದೀತು.

ವಿಂಡೋಸ್ ಬಾಗಿಲು ಹಾಕಿದಾಗ

ಕೆಲವೊಮ್ಮೆ ಗ್ರಾಫಿಕ್ಸ್ ಎಲ್ಲ ಸರಿಯಿದ್ದರೂ ವಿಂಡೋಸ್ ಹಳೆಯದೆಂಬ ಕಾರಣಕ್ಕೆ ತಂತ್ರಾಂಶ ನಿಲ್ಲುತ್ತದೆ. ಬ್ಲೆಂಡರ್ 2.76 ಆವೃತ್ತಿಯೇ ವಿಂಡೋಸ್ ಎಕ್ಸ್‌ಪಿಗೆ ಕೊನೆ. ವಿಂಡೋಸ್ 7ಕ್ಕೆ 2021ರ 2.92 ಕೊನೆ. ಎರಡನೆಯದರ ಕಥೆ ಕೇಳಿ. ಬ್ಲೆಂಡರಿನ ಹೊಟ್ಟೆಯಲ್ಲಿ ಪೈಥಾನ್ ಎಂಬ ಗಣಕ ಭಾಷೆ ಕೂತಿದೆ. 2.93ರಲ್ಲಿ ಅದರ 3.9 ಆವೃತ್ತಿಯನ್ನು ಸೇರಿಸಿದರು. ಪೈಥಾನ್ 3.9 ವಿಂಡೋಸ್ 8ರಲ್ಲಿ ಮೊದಲು ಬಂದ ಒಂದು ಸಣ್ಣ ಸೌಲಭ್ಯವನ್ನು ಹುಡುಕುತ್ತದೆ, ವಿಂಡೋಸ್ 7ರಲ್ಲಿ ಅದು ಇಲ್ಲ. ಒಂದು ಡಿಎಲ್‌ಎಲ್ ಕಡತ ಕಾಣೆಯಾಗಿದೆ ಎಂಬ ದೂರು ತೆರೆಗೆ ಬರುತ್ತದೆ. ಅಷ್ಟಕ್ಕೇ ಇಡೀ ತಂತ್ರಾಂಶ ನಿಂತಿತು. ಸರಪಳಿಯ ಯಾವ ಕೊಂಡಿ ಕಳಚಿತೆಂದು ಹೊರಗಿನಿಂದ ನೋಡಿದರೆ ತಿಳಿಯುವುದೇ ಇಲ್ಲ.

ಕೆಲವು ಹವ್ಯಾಸಿಗಳು ಆ ಕಾಣೆಯಾದ ಕಡತವನ್ನು ತಾವೇ ಬರೆದು, ಮೂಲ ಬರಹದ ಸಮೇತ ಹಂಚಿದ್ದಾರೆ. ಆದರೆ ಅದೇ ಹೆಸರಿನ ಕಡತವನ್ನು ‘ಉಚಿತ ಡಿಎಲ್‌ಎಲ್’ ಎಂದು ಮಾರುವಂತೆ ಕರೆಯುವ ತಾಣಗಳೂ ಹೇರಳ. ಒಳಗೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲದ ಕಡತ ಅದು. ನಿಮ್ಮ ಗಣಕದಲ್ಲಿ ಮನೆಯವರ ಬ್ಯಾಂಕ್ ವ್ಯವಹಾರವೂ ನಡೆಯುತ್ತಿದ್ದರೆ ಈ ಆಟ ಬೇಡವೇ ಬೇಡ. ದುಬಾರಿ ತಂತ್ರಾಂಶದ ಬೀಗ ಒಡೆದು ಹಂಚುವ ಪ್ರತಿಗಳ ವಿಷಯವೂ ಇದೇ. ಉಚಿತವಾಗಿ, ಕಾನೂನುಬದ್ಧವಾಗಿ ಇಷ್ಟೊಂದು ಸಿಗುವಾಗ ಕಳ್ಳಪ್ರತಿಗೆ ಕೈಹಾಕುವುದು ನನಗಂತೂ ಅರ್ಥವಾಗದ ಸಂಗತಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವಿಂಡೋಸ್ ಎಕ್ಸ್‌ಪಿಗೆ ರಕ್ಷಣೆಯ ತಿದ್ದುಪಡಿಗಳು 2014ರ ಏಪ್ರಿಲ್ 8ಕ್ಕೆ ನಿಂತವು, ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಅಂಥ ಯಂತ್ರದಲ್ಲಿ ಚಿತ್ರ ಬಿಡಿಸಲು ಅಡ್ಡಿಯಿಲ್ಲ. ಅಂತರಜಾಲದ ತಂತಿಯನ್ನು ಮಾತ್ರ ಕಿತ್ತಿಡಿ, ಕಡತಗಳನ್ನು ಪೆನ್‌ಡ್ರೈವಿನಲ್ಲಿ ಸಾಗಿಸಿ. ಪೆನ್‌ಡ್ರೈವೂ ವೈರಸ್ ಹೊತ್ತು ತರುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕೂತವರಿಗೆಲ್ಲ ಗೊತ್ತು.

ಸಂಸ್ಕಾರಕದ ಕಡೆಯಿಂದಲೂ ತಡೆ ಬರಬಹುದು. 2024ರ ಬ್ಲೆಂಡರ್ 4.2 ಆವೃತ್ತಿ ಎಸ್‌ಎಸ್‌ಇ 4.2 ಎಂಬ ಆಜ್ಞಾ ಸಮೂಹ ಬೇಕೆನ್ನುತ್ತದೆ. ಕೋರ್ 2 ಡ್ಯುಯೊ ಯಂತ್ರಗಳಲ್ಲಿ ಅದು ಇಲ್ಲ. ಇದಕ್ಕೆ ಡ್ರೈವರಿನ ಮದ್ದಿಲ್ಲ, ಲಿನಕ್ಸಿನ ಮದ್ದೂ ಇಲ್ಲ. ಸಿಲಿಕಾನಿನಲ್ಲಿ ಕೆತ್ತದೇ ಇದ್ದದ್ದನ್ನು ಎಲ್ಲಿಂದ ತರುವುದು?

ಒಂದು ಹಾಳೆಯ ತೂಕ ಎಷ್ಟು?

ಚಿತ್ರ ತಿದ್ದುವ ಗಿಂಪ್ ತಂತ್ರಾಂಶದಲ್ಲಿ ತೊಂದರೆ ಬೇರೆ ರೀತಿಯದು. 2018ರ 2.10 ಆವೃತ್ತಿ ವಿಂಡೋಸ್ 7ರಲ್ಲಿ ನಡೆಯುತ್ತದೆ. 2025ರ ಮಾರ್ಚಿನಲ್ಲಿ ಬಂದ 3.0 ಆವೃತ್ತಿಗೆ ವಿಂಡೋಸ್ 10 ಬೇಕು. ಆದರೆ ತಂತ್ರಾಂಶ ತೆರೆದ ಮಾತ್ರಕ್ಕೆ ಕೆಲಸವಾಯಿತೆಂದಲ್ಲ. ಸ್ಮೃತಿ, ಅಂದರೆ ರ್‍ಯಾಮ್, ಸಾಕಷ್ಟಿರಬೇಕು.

ಕಾಗದ ಪೆನ್ಸಿಲು ತೆಗೆದುಕೊಳ್ಳಿ, ಲೆಕ್ಕ ಮಾಡೋಣ. ಮುದ್ರಣಕ್ಕೆ ಹೋಗುವ ಎ4 ಅಳತೆಯ ಭಿತ್ತಿಚಿತ್ರ, ಅಂಗುಲಕ್ಕೆ 300 ಚುಕ್ಕೆ. ಅಗಲ 2480, ಎತ್ತರ 3508 ಚುಕ್ಕೆ. ಗುಣಿಸಿದರೆ ಸುಮಾರು 87 ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಸಂಖ್ಯೆ. ಒಂದೊಂದಕ್ಕೆ ಒಂದು ಬೈಟಾದರೆ ಒಂದು ಪದರಕ್ಕೆ ಸುಮಾರು 35 ಮೆಗಾಬೈಟ್. ಹತ್ತು ಪದರಕ್ಕೆ 350. 2 ಗಿಗಾಬೈಟ್ ಸ್ಮೃತಿ ಇರುವ ಯಂತ್ರವೂ ಇದನ್ನು ತಡೆದುಕೊಳ್ಳುತ್ತದೆ. ಗಿಂಪ್ 2.10ರಲ್ಲಿ ಪ್ರತಿ ಬಣ್ಣಕ್ಕೆ 32 ಬಿಟ್, ಅಂದರೆ ನಾಲ್ಕು ಬೈಟ್ ಇಟ್ಟುಕೊಳ್ಳುವ ಸೌಲಭ್ಯವೂ ಇದೆ. ‘ಉತ್ತಮ ಗುಣಮಟ್ಟ ಅಲ್ಲವೇ’ ಎಂದು ಅದನ್ನು ಆರಿಸಿದಿರೋ, ಒಂದು ಪದರಕ್ಕೆ 139 ಮೆಗಾಬೈಟ್, ಹತ್ತು ಪದರಕ್ಕೆ 1.4 ಗಿಗಾಬೈಟ್. ಇದರ ಮೇಲೆ ವಿಂಡೋಸಿನ ಪಾಲು, ಅನ್‌ಡೂ ಮಾಡಲು ಇಟ್ಟುಕೊಳ್ಳುವ ಹಳೆಯ ಪ್ರತಿಗಳ ಪಾಲು. ಸ್ಮೃತಿ ತುಂಬಿ ಡಿಸ್ಕಿಗೆ ಹರಿಯುತ್ತದೆ, ಯಂತ್ರ ಗೊಣಗತೊಡಗುತ್ತದೆ. ಎಡಿಟ್ ಪಟ್ಟಿಯ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಮ್ ರಿಸೋರ್ಸಸ್ ಎಂಬಲ್ಲಿ ಅನ್‌ಡೂ ಸ್ಮೃತಿಯನ್ನು ಕಡಿಮೆ ಮಾಡಬಹುದು. ಕಾಲೇಜಿನ ಉತ್ಸವದ ಭಿತ್ತಿಚಿತ್ರಕ್ಕೆ 8 ಬಿಟ್ ಧಾರಾಳ ಸಾಕು.

ನಾನು ಎಡವಿದ್ದು

ಹಳೆಯ ಆವೃತ್ತಿಯಲ್ಲಿ ಕೆಲಸ ಮಾಡುವವರಿಗೆ ನಿಜವಾದ ಅಪಾಯ ಇರುವುದು ಕಡತಗಳಲ್ಲಿ. ನನ್ನದೇ ಅನುಭವ ಹೇಳುತ್ತೇನೆ. ಮನೆಯಲ್ಲಿ ಬ್ಲೆಂಡರ್ 2.80 ಇತ್ತು, ಕೆಲಸದ ಜಾಗದಲ್ಲಿ 2.79. ಮೂರು ದಿನ ಕೂತು ಮಾಡಿದ ದೃಶ್ಯವನ್ನು ಪೆನ್‌ಡ್ರೈವಿನಲ್ಲಿ ಒಯ್ದು ತೆರೆದೆ. ಕಡತ ತೆರೆಯಿತು, ದೃಶ್ಯ ಮಾತ್ರ ಬರಿದಾಗಿತ್ತು. 2.80ರಲ್ಲಿ ಹಳೆಯ ಇಪ್ಪತ್ತು ಲೇಯರ್‌ಗಳ ಬದಲು ಕಲೆಕ್ಷನ್ ಎಂಬ ಹೊಸ ಏರ್ಪಾಡು ಬಂದಿದೆ, 2.79ಕ್ಕೆ ಅದು ಅರ್ಥವಾಗದು. ಕೈ ರೂಢಿಯಂತೆ ಉಳಿಸುವ ಕೀಲಿ ಒತ್ತಿಬಿಟ್ಟೆ. ಬರಿದಾದ ದೃಶ್ಯ ಮೂಲದ ಮೇಲೆಯೇ ಕುಳಿತಿತು.

ಬದುಕಿಸಿದ್ದು ಬ್ಲೆಂಡರಿನದೇ ಒಂದು ಒಳ್ಳೆಯ ಅಭ್ಯಾಸ. ಉಳಿಸುವಾಗ ಅದು ಹಿಂದಿನ ಪ್ರತಿಯನ್ನು ಬ್ಲೆಂಡ್1 ಎಂಬ ಬಾಲದ ಹೆಸರಿನಲ್ಲಿ ಪಕ್ಕದಲ್ಲೇ ಇಡುತ್ತದೆ. ಆ ಬಾಲದ 1 ಅಳಿಸಿದೆ, ಮನೆಗೆ ಹೋಗಿ ತೆರೆದೆ, ಎಲ್ಲವೂ ಇತ್ತು. ಗಾಬರಿಯಲ್ಲಿ ಎರಡನೆಯ ಸಲ ಕೀಲಿ ಒತ್ತಿದ್ದರೆ ಆ ಪ್ರತಿಯೂ ಹೋಗುತ್ತಿತ್ತು.

ಆದ್ದರಿಂದ ಒಂದು ಯೋಜನೆ ಆರಂಭಿಸುವ ಮೊದಲೇ, ಗೆಳೆಯರೆಲ್ಲ ಸೇರಿ ಒಂದೇ ಆವೃತ್ತಿ ಗೊತ್ತುಮಾಡಿಕೊಳ್ಳಿ. ಅತ್ಯಂತ ದುರ್ಬಲ ಯಂತ್ರದಲ್ಲಿ ನಡೆಯುವುದು ಯಾವುದೋ ಅದೇ ಆವೃತ್ತಿ. 4.0ರಲ್ಲಿ ಉಳಿಸಿದ ಕಡತ 3.6ರಲ್ಲಿ ತೆರೆಯುತ್ತದೆ, ಅದಕ್ಕಿಂತ ಹಿಂದಿನವುಗಳಲ್ಲಿ ತೆರೆಯದು. ಬೇರೆ ದಾರಿಯೇ ಇಲ್ಲದಾಗ ಒಬಿಜೆ ರೂಪದಲ್ಲಿ ಕಳಿಸಿ. ಆಕಾರ ಬರುತ್ತದೆ, ಚಲನೆ ಬಾರದು. ಗಿಂಪಿನಲ್ಲೂ ಇದೇ: 2.10ರಲ್ಲಿ 32 ಬಿಟ್ ಇಟ್ಟು ಉಳಿಸಿದ ಕಡತವನ್ನು 2.8 ಓದಲಾರದು.

2.79ಕ್ಕೇ ನಿಲ್ಲಬೇಕಾಗಿ ಬಂದವರು ಬೇಸರ ಪಡಬೇಕಾಗಿಲ್ಲ. ಮೊಲದ ಕಥೆಯ ‘ಬಿಗ್ ಬಕ್ ಬನ್ನಿ’ ಚಿತ್ರ ಬಂದದ್ದು 2008ರಲ್ಲಿ. ಅದನ್ನು ಮಾಡಿದವರ ಕೈಯಲ್ಲಿದ್ದ ಬ್ಲೆಂಡರ್ ನಿಮ್ಮ 2.79ಕ್ಕಿಂತ ಒಂಬತ್ತು ವರ್ಷ ಹಳೆಯದು. ಮೇಲಾಗಿ 2.79ರಲ್ಲಿ ಬ್ಲೆಂಡರ್ ಇಂಟರ್ನಲ್ ಎಂಬ ಹಗುರವಾದ ಚಿತ್ರಣ ವಿಧಾನ ಇನ್ನೂ ಇತ್ತು, 2.80ರಲ್ಲಿ ಅದನ್ನು ತೆಗೆದುಹಾಕಿದರು. ಹಳೆಯ ಯಂತ್ರಕ್ಕೆ ಹೇಳಿ ಮಾಡಿಸಿದಂಥದು. ಪಾಠಗಳನ್ನು ಹುಡುಕುವಾಗ ಮಾತ್ರ ಆವೃತ್ತಿಯ ಸಂಖ್ಯೆ ನೋಡಿಕೊಳ್ಳಿ. 2.79ರಲ್ಲಿ ವಸ್ತುವನ್ನು ಆರಿಸುವುದು ಮೌಸಿನ ಬಲಗುಂಡಿಯಿಂದ, 2.80ರಿಂದೀಚೆಗೆ ಎಡಗುಂಡಿಯಿಂದ. ಇಷ್ಟು ತಿಳಿಯದೆ ಎಷ್ಟೋ ಮಂದಿ ಮೊದಲ ದಿನವೇ ಕೈಚೆಲ್ಲುತ್ತಾರೆ.

ಕನ್ನಡ ಅಕ್ಷರದ ಗೊಂದಲ

ನೀವು ಮಾಡುವ ಚಿತ್ರಕ್ಕೆ ಕನ್ನಡದ ಶೀರ್ಷಿಕೆ ಬೇಕಲ್ಲವೇ? 2.79ರಲ್ಲಿ ‘ಅಕ್ಕ’ ಎಂದು ಬರೆದರೆ ಒತ್ತಕ್ಷರ ಕೆಳಗೆ ಕೂರುವುದಿಲ್ಲ. ಕಕಾರ, ವಿರಾಮ ಚಿಹ್ನೆ, ಮತ್ತೊಂದು ಕಕಾರ ಎಂದು ಬಿಡಿಬಿಡಿಯಾಗಿ ನಿಲ್ಲುತ್ತವೆ. ಯೂನಿಕೋಡಿನಲ್ಲಿ ಕನ್ನಡವನ್ನು ಉಳಿಸುವುದೇ ಹಾಗೆ, ಜೋಡಿಸಿ ತೋರಿಸುವುದು ತಂತ್ರಾಂಶದ ಹೊಣೆ. ಆ ಜೋಡಣೆಯ ವಿದ್ಯೆ 2.79ಕ್ಕೆ ಬಾರದು. ಹಳೆಯ ಡಿಟಿಪಿ ತಂತ್ರಾಂಶಗಳಲ್ಲಿ ಇದೇ ಕಾರಣಕ್ಕೆ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿಟ್ಟ ನುಡಿ, ಬರಹ ಫಾಂಟುಗಳನ್ನು ಬಳಸುತ್ತಿದ್ದರು.

ದಾರಿ ಇದೆ. ಇಂಕ್‌ಸ್ಕೇಪ್ ಎಂಬ ಉಚಿತ ರೇಖಾಚಿತ್ರ ತಂತ್ರಾಂಶ ಕನ್ನಡವನ್ನು ಜೋಡಿಸಬಲ್ಲದು. ಅಲ್ಲಿ ಶೀರ್ಷಿಕೆ ಬರೆದು, ಆಬ್ಜೆಕ್ಟ್ ಟು ಪಾತ್ ಎಂಬ ಆಜ್ಞೆ ಕೊಡಿ. ಅಕ್ಷರ ಈಗ ಅಕ್ಷರವಲ್ಲ, ಬರಿಯ ರೇಖೆ. ಎಸ್‌ವಿಜಿ ಎಂದು ಉಳಿಸಿ ಬ್ಲೆಂಡರಿಗೆ ತನ್ನಿ, ದಪ್ಪ ಕೊಡಿ. ಅಕ್ಷರ ಇರುವೆಯಷ್ಟು ಸಣ್ಣದಾಗಿ ಬಂದು ಕಾಣಿಸದೆ ಹೋಗಬಹುದು, ಹತ್ತಿರ ಹೋಗಿ ಹಿಗ್ಗಿಸಿಕೊಳ್ಳಿ. ಕಾಗುಣಿತದ ತಪ್ಪನ್ನು ರೇಖೆಯಾಗುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು, ಆಮೇಲೆ ತಿದ್ದಲು ಬಾರದು.

ಇಡೀ ಪ್ರಯೋಗಾಲಯಕ್ಕೆ ಒಂದೇ ಕೆಲಸ

ಕೊನೆಯದಾಗಿ ವೇಗದ ಪ್ರಶ್ನೆ. ಹತ್ತು ಸೆಕೆಂಡಿನ ಚಲನಚಿತ್ರ, ಸೆಕೆಂಡಿಗೆ 24 ಚೌಕಟ್ಟು. ಒಟ್ಟು 240. ಹಳೆಯ ಯಂತ್ರದಲ್ಲಿ ಒಂದು ಚೌಕಟ್ಟಿಗೆ ಆರು ನಿಮಿಷ ಹಿಡಿದರೆ ಇಡೀ ಒಂದು ದಿನ, ರಾತ್ರಿ ಸೇರಿ, ಬೇಕು. ಅಂಥವೇ ಹನ್ನೆರಡು ಯಂತ್ರಗಳು ಸಂಜೆ ಖಾಲಿ ಇದ್ದರೆ? ಒಂದೊಂದಕ್ಕೆ 20 ಚೌಕಟ್ಟು, ಎರಡೇ ಗಂಟೆ.

ಇದಕ್ಕೆ ಬ್ಲೆಂಡರನ್ನು ಆ ಯಂತ್ರಗಳಲ್ಲಿ ಸ್ಥಾಪಿಸಬೇಕಾಗಿಲ್ಲ. ಜಿಪ್ ರೂಪದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಬಿಚ್ಚಿಟ್ಟುಕೊಂಡರೆ ಅಲ್ಲಿಂದಲೇ ನಡೆಯುತ್ತದೆ. ಆಜ್ಞೆಯ ಕಿಟಕಿ ತೆರೆದು, ಬ್ಲೆಂಡರ್ ಹೆಸರಿನ ಮುಂದೆ ‘-ಬಿ’, ಅದರ ಮುಂದೆ ನಿಮ್ಮ ಕಡತದ ಹೆಸರು, ಆಮೇಲೆ ‘-ಎಸ್ 1 -ಇ 20 -ಎ’ ಎಂದು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ಬರೆಯಿರಿ. 1ರಿಂದ 20ರವರೆಗಿನ ಚೌಕಟ್ಟುಗಳನ್ನು ಅದು ಮಾಡುತ್ತದೆ. ಮುಂದಿನ ಯಂತ್ರಕ್ಕೆ 21ರಿಂದ 40. ‘-ಎ’ ಕೊನೆಯಲ್ಲೇ ಇರಬೇಕು, ಮೊದಲೇ ಬರೆದರೆ ಸಂಖ್ಯೆಗಳನ್ನು ಓದುವ ಮುನ್ನವೇ ಅದು ಕೆಲಸ ಶುರುಮಾಡುತ್ತದೆ. ಹೀಗೆ ತೆರೆಮರೆಯಲ್ಲಿ, ಸೈಕಲ್ಸ್ ವಿಧಾನದಲ್ಲಿ ಮುಖ್ಯ ಸಂಸ್ಕಾರಕದಿಂದ ಚಿತ್ರ ಮಾಡಿಸುವಾಗ ಬ್ಲೆಂಡರ್ ತನ್ನ ಕಿಟಕಿ ತೆರೆಯುವುದೇ ಇಲ್ಲ, ಆದ್ದರಿಂದ ಓಪನ್‌ಜಿಎಲ್ ತಕರಾರೂ ಇರುವುದಿಲ್ಲ. ಫಲಿತಾಂಶವನ್ನು ವಿಡಿಯೊ ಆಗಿ ಅಲ್ಲ, ಪಿಎನ್‌ಜಿ ಚಿತ್ರಗಳಾಗಿ ಉಳಿಸುವಂತೆ ಮೊದಲೇ ಗೊತ್ತುಮಾಡಿಡಿ. ನಡುವೆ ಕರೆಂಟು ಹೋದರೆ ಆದಷ್ಟು ಚೌಕಟ್ಟುಗಳು ಉಳಿದಿರುತ್ತವೆ, ಬಾಕಿ ಮಾತ್ರ ಮತ್ತೆ ಮಾಡಿದರಾಯಿತು.

ಪ್ರಯೋಗಾಲಯದ ಮೇಲ್ವಿಚಾರಕರ ಅನುಮತಿ ಕೇಳುವಾಗ ಕೈಯಲ್ಲಿ ಒಂದು ಚೌಕಟ್ಟು ಮಾಡಿಟ್ಟುಕೊಂಡು ಹೋಗಿ. ಅದಕ್ಕೆ ಎಷ್ಟು ನಿಮಿಷ ಹಿಡಿಯಿತೆಂಬುದನ್ನೂ ಬರೆದುಕೊಳ್ಳಿ. ಎಷ್ಟು ಯಂತ್ರ, ಎಷ್ಟು ಗಂಟೆ ಬೇಕೆಂದು ಅವರು ಕೇಳಿಯೇ ಕೇಳುತ್ತಾರೆ.